ಪಲ್ಟನ್ನಿನ ಹಳೆಯ ಗುಂಡಿಗಳು: ಗುರುತಿಸುವುದು ಹೇಗೆ, ಕಾಪಾಡುವುದು ಹೇಗೆ

ಬೆಳಗಾವಿಯ ಕ್ಯಾಂಪ್ ಪ್ರದೇಶದ ಸುತ್ತಮುತ್ತ ಮನೆಯ ಪಾಯ ತೋಡುವಾಗಲೋ, ಹಳೆಯ ಬಾವಿಯ ಹೂಳು ಎತ್ತುವಾಗಲೋ, ಕಬ್ಬಿನ ಹೊಲದಲ್ಲಿ ಟ್ರ್ಯಾಕ್ಟರ್ ನೇಗಿಲು ಎಂದಿಗಿಂತ ಆಳಕ್ಕೆ ಇಳಿದಾಗಲೋ ರೂಪಾಯಿ ನಾಣ್ಯದಷ್ಟು ಅಗಲದ, ಹಸಿರು ಕಿಲುಬು ಕಟ್ಟಿದ, ಬೆನ್ನಿಗೆ ಸಣ್ಣದೊಂದು ಕೊಂಡಿ ಇರುವ ಲೋಹದ ಬಿಲ್ಲೆ ಕೈಗೆ ಬರಬಹುದು. ಅದು ಸೈನಿಕರ ಕೋಟಿನ ಗುಂಡಿ. ಇಂಥವು ಈ ಭಾಗದಲ್ಲಿ ಸಿಕ್ಕರೆ ಆಶ್ಚರ್ಯಪಡಬೇಕಿಲ್ಲ. 1818ರಲ್ಲಿ ಥಾಮಸ್ ಮನ್ರೋನ ಸೈನ್ಯ ಬೆಳಗಾವಿ ಕೋಟೆಗೆ ಮುತ್ತಿಗೆ ಹಾಕಿ ಗೆದ್ದುಕೊಂಡ ನಂತರ ಇಲ್ಲಿ ನೆಲೆಯೂರಿದ ದಂಡು ಮತ್ತೆ ಕದಲಲಿಲ್ಲ. 1824ರಲ್ಲಿ ಕಿತ್ತೂರಿನ ಮೇಲೆ ಕಂಪನಿಯ ಪಡೆಗಳು ಎರಡು ಸಲ ಏರಿ ಬಂದವು. ಈಗ ಬಾಗಲಕೋಟೆ ಜಿಲ್ಲೆಯಲ್ಲಿರುವ ಕಲಾದಗಿಯಲ್ಲಿ ಸೈನ್ಯದ ಠಾಣ್ಯವಿತ್ತು. 1857ರಲ್ಲಿ ಹಲಗಲಿಯ ಬೇಡರು ಆಯುಧ ಒಪ್ಪಿಸಲು ನಿರಾಕರಿಸಿದಾಗ ಆ ಊರಿನ ಮೇಲೂ ಪಡೆ ನಡೆಯಿತು. ಮರಾಠಾ ಲಘು ಪದಾತಿ ದಳದ ಕೇಂದ್ರ 1922ರಿಂದ ಬೆಳಗಾವಿಯಲ್ಲಿಯೇ ಇದೆ. ಎರಡು ಶತಮಾನಗಳ ಕಾಲ ಸಿಪಾಯಿಗಳು ಓಡಾಡಿದ ನೆಲದಲ್ಲಿ ಕಿತ್ತುಬಿದ್ದ ಗುಂಡಿಗಳು ಉಳಿದಿರುವುದು ಸಹಜ.

ಗುರುತಿಸುವ ವಿದ್ಯೆಗಿಂತ ಮೊದಲು ಕಾನೂನಿನ ಮಾತು ಆಡಬೇಕಾಗುತ್ತದೆ, ಏಕೆಂದರೆ ಮೆಟಲ್ ಡಿಟೆಕ್ಟರ್ ಹಿಡಿದು ಹೊಲ, ಬಯಲು ಅಲೆಯುವುದು ಇಂಗ್ಲೆಂಡಿನಂಥ ದೇಶಗಳಲ್ಲಿ ಬಿಡುವಿನ ವೇಳೆಯ ಹವ್ಯಾಸವಾಗಿ ಬೆಳೆದಿದ್ದರೂ ನಮ್ಮಲ್ಲಿ ಅದಕ್ಕೆ ಅಷ್ಟು ಸಡಿಲವಾದ ಅವಕಾಶವಿಲ್ಲ. ಬೆಳಗಾವಿ ಕೋಟೆಯೊಳಗಿನ ಕಮಲ ಬಸದಿ, ವಿಜಯಪುರದ ಗೋಳಗುಮ್ಮಟ, ಬಾದಾಮಿ, ಐಹೊಳೆ ಮೊದಲಾದ ಸಂರಕ್ಷಿತ ಸ್ಮಾರಕಗಳ ಆವರಣದಲ್ಲಿ ಅನುಮತಿಯಿಲ್ಲದೆ ಅಗೆಯುವುದು ಅಪರಾಧ. ಸೈನ್ಯದ ಜಾಗದೊಳಗೆ ಹೋಗುವ ಪ್ರಶ್ನೆಯೇ ಬರುವುದಿಲ್ಲ. ನೆಲದಲ್ಲಿ ಹುದುಗಿದ್ದ ಬೆಲೆಯುಳ್ಳ ವಸ್ತು ಸಿಕ್ಕರೆ ಕರ್ನಾಟಕದ 1962ರ ನಿಧಿ ಕಾಯ್ದೆಯ ಪ್ರಕಾರ ಜಿಲ್ಲಾಡಳಿತಕ್ಕೆ ತಿಳಿಸಬೇಕಾಗುತ್ತದೆ. ಇದಲ್ಲದೆ 1972ರ ಪುರಾತನ ವಸ್ತು ಮತ್ತು ಕಲಾ ನಿಧಿ ಕಾಯ್ದೆಯು ನೂರು ವರ್ಷ ದಾಟಿದ ಐತಿಹಾಸಿಕ ವಸ್ತುಗಳನ್ನು ಪುರಾತನ ವಸ್ತುಗಳೆಂದು ಪರಿಗಣಿಸುತ್ತದೆ. ಅವುಗಳನ್ನು ಖಾಸಗಿಯವರು ದೇಶದಿಂದ ಹೊರಗೆ ಕಳಿಸುವಂತಿಲ್ಲ, ಪರವಾನಗಿಯಿಲ್ಲದೆ ಅವುಗಳ ವ್ಯಾಪಾರ ಮಾಡುವಂತೆಯೂ ಇಲ್ಲ. ವಿಕ್ಟೋರಿಯಾ ರಾಣಿಯ ಕಾಲದ ಹಿತ್ತಾಳೆ ಗುಂಡಿಗೂ ಈ ಮಾತು ತಾಗುತ್ತದೆ. ಆದುದರಿಂದ ಮುಂದಿನ ಮಾತುಗಳೆಲ್ಲ ಸ್ವಂತ ಹೊಲದಲ್ಲಿ, ಸ್ವಂತ ಹಿತ್ತಲಿನಲ್ಲಿ, ಹಳೆಯ ಟ್ರಂಕಿನ ತಳದಲ್ಲಿ ಅಥವಾ ಗುಜರಿ ಅಂಗಡಿಯ ಹಿತ್ತಾಳೆ ರಾಶಿಯಲ್ಲಿ ಗುಂಡಿ ಕಂಡವರನ್ನು ಉದ್ದೇಶಿಸಿದವು. ಗುಂಡು, ಶೆಲ್ಲಿನಂಥ ವಸ್ತು ಎದುರಾದರೆ ಮುಟ್ಟದೆ ಪೊಲೀಸರಿಗೆ ತಿಳಿಸುವುದೊಂದೇ ದಾರಿ.

ಡಿಟೆಕ್ಟರ್ ಬಳಸುವವರಿಗೆ ನಮ್ಮ ನೆಲ ಸುಲಭದ್ದಲ್ಲ. ಖಾನಾಪುರದ ಕಡೆಯ ಜಂಬಿಟ್ಟಿಗೆಯ ಕೆಂಪು ಮಣ್ಣಿನಲ್ಲಿ ಕಬ್ಬಿಣದ ಅಂಶ ಹೆಚ್ಚು, ಬಾಗಲಕೋಟೆ ಮತ್ತು ವಿಜಯಪುರದ ಎರೆ ಭೂಮಿಯ ತಳದಲ್ಲಿರುವ ಕಪ್ಪು ಬಸಾಲ್ಟ್ ಕಲ್ಲಿಗೂ ಕಾಂತೀಯ ಗುಣವಿದೆ. ಎರಡೂ ಕಡೆ ಯಂತ್ರ ಸುಳ್ಳು ಸದ್ದು ಮಾಡುತ್ತದೆ. ಅದರ ಮೇಲೆ ಗುಟ್ಕಾ ಚೀಟಿ, ಬಾಟಲಿ ಮುಚ್ಚಳಗಳ ಕಾಟ ಬೇರೆ. ಸದ್ದು ಬಂದ ಜಾಗಕ್ಕೆ ನೇರವಾಗಿ ಗುದ್ದಲಿ ಹಾಕದೆ ಸುತ್ತಲಿಂದ ಮಣ್ಣಿನ ಹೆಂಟೆಯನ್ನು ಇಡಿಯಾಗಿ ಎತ್ತಿ ಕೈಯಿಂದ ಬಿಡಿಸುವುದು ಒಳ್ಳೆಯದು, ಏಕೆಂದರೆ ಟೊಳ್ಳು ಗುಂಡಿಯ ಮುಖದ ತಗಡು ಬಹಳ ತೆಳುವಾಗಿದ್ದು ಒಂದೇ ಏಟಿಗೆ ಒಳಗೆ ಕುಸಿಯುತ್ತದೆ.

ಗುಂಡಿ ಕೈಗೆ ಬಂದ ಕೂಡಲೇ ಬಹುತೇಕರು ಅದರ ಮುಖವನ್ನು ಉಜ್ಜಿ ನೋಡುತ್ತಾರೆ. ಉಜ್ಜುವುದು ತಪ್ಪು, ಮುಖವನ್ನೇ ಮೊದಲು ನೋಡುವುದೂ ಅಷ್ಟೇನೂ ಲಾಭದ್ದಲ್ಲ. ಕಾಲವನ್ನು ಹೆಚ್ಚು ನಂಬಿಕೆಯಿಂದ ಹೇಳುವುದು ಬೆನ್ನು. ಬ್ರಿಟಿಷ್ ಪದಾತಿ ದಳಗಳ ಗುಂಡಿಗಳ ಮೇಲೆ ಆಯಾ ದಳದ ಸಂಖ್ಯೆ ಇರಬೇಕೆಂಬ ಆಜ್ಞೆ 1767ರಲ್ಲಿ ಹೊರಟಿತು. ಆ ಕಾಲದಿಂದ ಹತ್ತೊಂಬತ್ತನೆಯ ಶತಮಾನದ ನಡುವಿನವರೆಗೂ ಬ್ರಿಟಿಷ್ ದಳಗಳ ಸಾಮಾನ್ಯ ಸೈನಿಕನ ಗುಂಡಿ ತವರಕ್ಕೆ ಬೇರೆ ಲೋಹ ಬೆರೆಸಿ ಎರಕ ಹೊಯ್ದ, ಚಪ್ಪಟೆಯಾದ, ಬೂದಿ ಬಣ್ಣದ ಬಿಲ್ಲೆಯಾಗಿತ್ತು. 1855ರಲ್ಲಿ ಅದರ ಬದಲಿಗೆ ಹಿತ್ತಾಳೆ ಬಂದಿತು. ಅಧಿಕಾರಿಗಳದು ಮೊದಲಿನಿಂದಲೂ ಬೇರೆ ದರ್ಜೆಯ ಗುಂಡಿ, ಚಿನ್ನದ ಇಲ್ಲವೇ ಬೆಳ್ಳಿಯ ಲೇಪವಿದ್ದದ್ದು. ಹತ್ತೊಂಬತ್ತನೆಯ ಶತಮಾನದ ಮೊದಲ ದಶಕಗಳಲ್ಲಿ ಬರ್ಮಿಂಗ್‌ಹ್ಯಾಮಿನ ಕಾರ್ಖಾನೆಗಳು ಎರಡು ತಗಡುಗಳ ಗುಂಡಿಯನ್ನು ರೂಢಿಗೆ ತಂದವು: ಉಬ್ಬಿದ ಮುಖದ ತಗಡಿನ ಅಂಚನ್ನು ಬೆನ್ನಿನ ತಗಡಿನ ಮೇಲೆ ಮಡಚಿ ಒತ್ತಿರುತ್ತಾರೆ, ನಡುವೆ ಟೊಳ್ಳು ಇರುತ್ತದೆ. ಅಂಚಿನ ಸುತ್ತ ಈ ಮಡಿಕೆಯ ಗೆರೆ ಕಂಡರೆ ಅದು ಹದಿನೆಂಟನೆಯ ಶತಮಾನದ ಗುಂಡಿಯಲ್ಲ ಎಂದು ಧೈರ್ಯವಾಗಿ ಹೇಳಬಹುದು.

ಬೆನ್ನಿನ ಮೇಲೆ ಕೊಂಡಿಯ ಸುತ್ತಲೂ ಸಣ್ಣ ಇಂಗ್ಲಿಷ್ ಅಕ್ಷರಗಳು ಇರುತ್ತವೆ. ತಯಾರಕರ ಹೆಸರು, ಊರು, ಕೆಲವೊಮ್ಮೆ ಬೀದಿಯ ಹೆಸರೂ ಅಲ್ಲಿ ಸಿಗುತ್ತದೆ. ಲಂಡನ್ನಿನ ಫರ್ಮಿನ್ ಮತ್ತು ಜೆನೆನ್ಸ್, ಬರ್ಮಿಂಗ್‌ಹ್ಯಾಮಿನ ಸ್ಮಿತ್ ಅಂಡ್ ರೈಟ್, ಹ್ಯಾಮಂಡ್ ಟರ್ನರ್, ಗಾಂಟ್ ಎಂಬ ಹೆಸರುಗಳು ಮತ್ತೆ ಮತ್ತೆ ಎದುರಾಗುತ್ತವೆ. ಫರ್ಮಿನ್ ಹದಿನೇಳನೆಯ ಶತಮಾನದಿಂದಲೂ ನಡೆದುಬಂದ ಸಂಸ್ಥೆಯಾದ್ದರಿಂದ ಬರೀ ಹೆಸರಿನಿಂದ ಕಾಲ ತಿಳಿಯುವುದಿಲ್ಲ. ಆದರೆ ಇಂಥ ಸಂಸ್ಥೆಗಳು ಅಂಗಡಿಯನ್ನು ಒಂದು ಬೀದಿಯಿಂದ ಇನ್ನೊಂದಕ್ಕೆ ಸಾಗಿಸಿದಾಗಲೆಲ್ಲ ಅಚ್ಚು ಬದಲಾಗುತ್ತಿತ್ತು, ಹೀಗಾಗಿ ಬೀದಿಯ ಹೆಸರು ಓದಲು ಬಂದರೆ ಅವಧಿಯನ್ನು ಸಾಕಷ್ಟು ಕಿರಿದುಗೊಳಿಸಬಹುದು. ಹೆಸರಿನ ಮುಂದೆ ‘ಲಿಮಿಟೆಡ್’ ಎಂದಿದ್ದರೆ ಗುಂಡಿ 1850ರ ದಶಕಕ್ಕಿಂತ ಹಿಂದಿನದಲ್ಲ, ಏಕೆಂದರೆ ಸೀಮಿತ ಹೊಣೆಯ ಕಂಪನಿಗಳಿಗೆ ಇಂಗ್ಲೆಂಡಿನಲ್ಲಿ ಕಾನೂನಿನ ಸಾಮಾನ್ಯ ಮಾನ್ಯತೆ ದೊರೆತದ್ದೇ ಆಗ. ತಯಾರಕರ ಹೆಸರೇ ಇಲ್ಲದೆ ‘ಟ್ರೆಬಲ್ ಗಿಲ್ಟ್’ (ಮೂರು ಪಟ್ಟು ಚಿನ್ನದ ಲೇಪ), ‘ಬೆಸ್ಟ್ ಕ್ವಾಲಿಟಿ’ ಎಂಬ ಹೊಗಳಿಕೆಯ ಮಾತಷ್ಟೇ ಇದ್ದರೆ ಬಹುಮಟ್ಟಿಗೆ ಅದು ಹತ್ತೊಂಬತ್ತನೆಯ ಶತಮಾನದ ಪೂರ್ವಾರ್ಧದ ಮಾಲು.

ಆಮೇಲೆ ಮುಖ. ಮುಖದಲ್ಲಿ ಮೊದಲು ಹುಡುಕಬೇಕಾದದ್ದು ಕಿರೀಟ. ವಿಕ್ಟೋರಿಯಾ ರಾಣಿಯ ಕಾಲದ ಕಿರೀಟದ ಕಮಾನುಗಳು ನಡುವೆ ತುಸು ಕುಸಿದಂತೆ, ಹೆಗಲು ಚಪ್ಪಟೆಯಾದಂತೆ ಕಾಣುತ್ತವೆ. 1901ರಲ್ಲಿ ಆಕೆ ತೀರಿಕೊಂಡ ನಂತರ ಬಂದ ರಾಜರ ಕಿರೀಟದ ಕಮಾನುಗಳು ಕುಸಿಯದೆ ಗುಮ್ಮಟದ ಹಾಗೆ ದುಂಡಗೆ ಮೇಲೇಳುತ್ತವೆ. ಬ್ರಿಟನ್ನಿನಲ್ಲಿ ಎರಡನೆಯ ಎಲಿಜಬೆತ್ ರಾಣಿಯ ಕಾಲಕ್ಕೆ ನಡು ಕುಸಿದ ಕಿರೀಟ ಮತ್ತೆ ಬಂದಿತಾದರೂ ಅಷ್ಟರಲ್ಲಿ ಭಾರತ ಗಣರಾಜ್ಯವಾಗಿತ್ತು. 1950ರ ಜನವರಿ 26ರ ನಂತರ ನಮ್ಮ ಸೈನ್ಯದ ಲಾಂಛನಗಳಲ್ಲಿ ಕಿರೀಟದ ಜಾಗಕ್ಕೆ ಅಶೋಕ ಸ್ತಂಭದ ಸಿಂಹಗಳು ಬಂದವು. ಹೀಗಾಗಿ ಬೆಳಗಾವಿಯ ಮಣ್ಣಿನಲ್ಲಿ ಸಿಕ್ಕ ಗುಂಡಿಯ ಮೇಲೆ ನಡು ಕುಸಿದ ಕಿರೀಟವಿದ್ದರೆ ಅದನ್ನು 1901ಕ್ಕಿಂತ ಹಿಂದಕ್ಕೂ, ದುಂಡು ಕಿರೀಟವಿದ್ದರೆ 1901ರಿಂದ 1950ರೊಳಗಿನ ಅವಧಿಗೂ ಸೇರಿಸಬಹುದು. ಮುಂಗಾಲುಗಳ ನಡುವೆ ಕಿರೀಟವನ್ನು ಎತ್ತಿ ಹಿಡಿದ ಸಿಂಹವಿದ್ದರೆ ಅದು ಈಸ್ಟ್ ಇಂಡಿಯಾ ಕಂಪನಿಯ ಗುರುತು, ಎಂದರೆ 1858ರಲ್ಲಿ ಆಡಳಿತ ರಾಣಿಯ ಕೈಗೆ ಹೋಗುವುದಕ್ಕೆ ಹಿಂದಿನದು. ಕಿತ್ತೂರಿನ ಕಾಲಕ್ಕೆ ನಮ್ಮನ್ನು ಕರೆದೊಯ್ಯಬಲ್ಲದ್ದು ಇಂಥ ಗುಂಡಿಯೇ.

ಸಂಖ್ಯೆಗಳ ವಿಷಯದಲ್ಲಿ ಎಚ್ಚರ ಬೇಕು. ತಪ್ಪು ತೀರ್ಮಾನಗಳು ಹೆಚ್ಚಾಗಿ ಹುಟ್ಟುವುದು ಇಲ್ಲಿಯೇ. ಗುಂಡಿಯ ಮೇಲೆ 103 ಎಂದು ಇದೆ ಎಂದುಕೊಳ್ಳೋಣ. ಬೆಳಗಾವಿಯವರಿಗೆ ತಟ್ಟನೆ ನೆನಪಾಗುವುದು ಮರಾಠಾ ಲಘು ಪದಾತಿ ದಳದ ಪೂರ್ವಜ ಪಲ್ಟನ್ನು. 1768ರಲ್ಲಿ ಬಾಂಬೆ ಸಿಪಾಯಿಗಳ ಎರಡನೆಯ ಬೆಟಾಲಿಯನ್ ಆಗಿ ಹುಟ್ಟಿದ ಅದು ಮುಂದೆ ಬಾಂಬೆ ಸೈನ್ಯದ ಮೂರನೆಯ ಪಲ್ಟನ್ನಾಯಿತು. 1903ರಲ್ಲಿ ಸೇನಾಪತಿ ಕಿಚನರ್ ಇಡೀ ಭಾರತೀಯ ಸೈನ್ಯಕ್ಕೆ ಹೊಸ ಸಂಖ್ಯೆಗಳನ್ನು ಕೊಟ್ಟಾಗ ಬಾಂಬೆಯ ಪಲ್ಟನ್ನುಗಳ ಹಳೆಯ ಸಂಖ್ಯೆಗೆ ನೂರು ಸೇರಿತು, ಮೂರು ಇದ್ದದ್ದು 103 ಆಯಿತು. 1922ರಲ್ಲಿ 103, 105, 110, 114, 116 ಮತ್ತು 117ನೆಯ ಪಲ್ಟನ್ನುಗಳು ಸೇರಿ ಐದನೆಯ ಮರಾಠಾ ಲಘು ಪದಾತಿ ದಳ ರೂಪುಗೊಂಡಾಗ ಆ ಸಂಖ್ಯೆ ಮರೆಯಾಯಿತು. ಆದರೆ ಇದೇ 103ನ್ನು ಇನ್ನೊಂದು ದಳವೂ ಧರಿಸಿತ್ತು. ಕಂಪನಿ ಕೊನೆಗೊಂಡ ನಂತರ ಅದರ ಯುರೋಪಿಯನ್ ದಳಗಳನ್ನು ಬ್ರಿಟಿಷ್ ಸೈನ್ಯಕ್ಕೆ ಸೇರಿಸಿಕೊಂಡು 101ರಿಂದ 109ರವರೆಗಿನ ಸಂಖ್ಯೆಗಳನ್ನು ಕೊಟ್ಟಾಗ ರಾಯಲ್ ಬಾಂಬೆ ಫ್ಯೂಸಿಲಿಯರ್ಸ್ ಎಂಬ ಗೋರಾ ದಳ 103 ಆಯಿತು, 1881ರವರೆಗೂ ಹಾಗೆಯೇ ಇತ್ತು. ಹಾಗಾದರೆ ಕೈಯಲ್ಲಿರುವುದು ಯಾರ ಗುಂಡಿ? ಸಂಖ್ಯೆಯ ಮೇಲೆ ನಡು ಕುಸಿದ ಕಿರೀಟವೋ ಉರಿಯುವ ಗ್ರೆನೇಡಿನ ಚಿತ್ರವೋ ಇದ್ದರೆ ಫ್ಯೂಸಿಲಿಯರ್ಸ್ ದಳದ ಕಡೆಗೂ, ದುಂಡು ಕಿರೀಟವೋ ಲಘು ಪದಾತಿಯ ಗುರುತಾದ ಕಹಳೆಯೋ ಇದ್ದರೆ ಮರಾಠಾ ಪಲ್ಟನ್ನಿನ ಕಡೆಗೂ ವಾಲಬೇಕು. ಎರಡೂ ಇಲ್ಲದಿದ್ದರೆ ಬೆನ್ನಿನ ಅಕ್ಷರಗಳಿಗೆ ಮರಳುವುದೇ ಸರಿ. ಬರೀ ‘3’ ಎಂಬ ಅಂಕೆಯಿಂದ ಇನ್ನೂ ಹೆಚ್ಚಿನ ಗೊಂದಲವಾಗುತ್ತದೆ, ಏಕೆಂದರೆ ಬಾಂಬೆ, ಮದರಾಸು, ಬಂಗಾಳ ಸೈನ್ಯಗಳಲ್ಲೂ ಬ್ರಿಟಿಷ್ ಸೈನ್ಯದಲ್ಲೂ ಏಕಕಾಲಕ್ಕೆ ಮೂರನೆಯ ದಳಗಳಿದ್ದವು.

ಸಂಖ್ಯೆಯೇ ಇಲ್ಲದೆ ಸಿಂಹ ಮತ್ತು ಒಂಟಿಕೊಂಬಿನ ಕುದುರೆ ಗುರಾಣಿಯ ಅಕ್ಕಪಕ್ಕ ನಿಂತಿರುವ ಗುಂಡಿಯೂ ಸಿಗಬಹುದು. 1871ರಲ್ಲಿ ಬ್ರಿಟಿಷ್ ಪದಾತಿಯ ಸಾಮಾನ್ಯ ಸೈನಿಕರಿಗೆಲ್ಲ ದಳದ ಗುಂಡಿಯ ಬದಲು ರಾಜಲಾಂಛನದ ಈ ಸಾಮಾನ್ಯ ಗುಂಡಿಯನ್ನು ಕೊಡತೊಡಗಿದರು, ಒಂದನೆಯ ಮಹಾಯುದ್ಧದ ಖಾಕಿ ಕೋಟಿಗೂ ಇದೇ ಇತ್ತು. ಭೂತಗನ್ನಡಿಯ ಕೆಳಗೆ ಇದನ್ನು ನೋಡುವುದೇ ಒಂದು ಸೊಗಸು: ಗುರಾಣಿಯ ನಾಲ್ಕು ಮನೆಗಳಲ್ಲಿ ಎರಡರಲ್ಲಿ ಮೂರು ಮೂರು ಸಣ್ಣ ಸಿಂಹಗಳು, ಒಂದರಲ್ಲಿ ಹಿಂಗಾಲ ಮೇಲೆ ನಿಂತ ಒಂಟಿ ಸಿಂಹ, ಇನ್ನೊಂದರಲ್ಲಿ ತಂತಿಗಳ ಸಹಿತ ಕಿನ್ನರಿ. ಗುರಾಣಿಯ ಎದೆಯ ಮೇಲೆ ಇನ್ನೊಂದು ಪುಟ್ಟ ಗುರಾಣಿ ಕುಳಿತಿದ್ದರೆ ಅದು 1837ಕ್ಕಿಂತ ಹಿಂದಿನ ರಾಜಲಾಂಛನ. ಅಲ್ಲಿಯವರೆಗೆ ಬ್ರಿಟನ್ನಿನ ರಾಜರೇ ಆಳುತ್ತಿದ್ದ ಜರ್ಮನಿಯ ಹ್ಯಾನೋವರ್ ರಾಜ್ಯದ ಸಿಂಹಾಸನ ವಿಕ್ಟೋರಿಯಾ ಪಟ್ಟಕ್ಕೆ ಬಂದಾಗ ಬೇರೆಯಾದ ಕಾರಣ ಆ ಪುಟ್ಟ ಗುರಾಣಿಯನ್ನು ತೆಗೆದುಹಾಕಲಾಯಿತು. ಇಷ್ಟೆಲ್ಲ ವಿವರವಿದ್ದರೂ ಈ ಗುಂಡಿಯಿಂದ ಧರಿಸಿದವನ ದಳ ಮಾತ್ರ ತಿಳಿಯುವುದಿಲ್ಲ.

ಪಲ್ಟನ್ನಿನದೆಂದು ತೋರುವ ಗುಂಡಿಗಳೆಲ್ಲ ಪಲ್ಟನ್ನಿನವಲ್ಲ. ಕಂದಾಯ ಕಚೇರಿಯ ಚಪರಾಸಿ, ಬಾಂಬೆ ಪ್ರಾಂತ್ಯದ ಪೊಲೀಸ್, ಅಂಚೆ, ಅರಣ್ಯ, ರೈಲ್ವೆ ಸಿಬ್ಬಂದಿ ಎಲ್ಲರೂ ಹಿತ್ತಾಳೆಯ ಗುಂಡಿ ಧರಿಸುತ್ತಿದ್ದರು. ನಮ್ಮ ಮೂರು ಜಿಲ್ಲೆಗಳಲ್ಲಿ ವಿಶೇಷವಾಗಿ ಗಮನಿಸಬೇಕಾದದ್ದು ರೈಲ್ವೆಯ ಗುಂಡಿಗಳನ್ನು. 1882ರಲ್ಲಿ ಆರಂಭವಾದ ಸದರ್ನ್ ಮರಾಠಾ ರೈಲ್ವೆ ಬೆಳಗಾವಿಯನ್ನೂ, ಗದಗ ಮತ್ತು ಹೋಟಗಿ ನಡುವಿನ ಬಾಗಲಕೋಟೆ, ವಿಜಯಪುರಗಳನ್ನೂ ಹಳಿಗಳಿಂದ ಜೋಡಿಸಿತು. 1908ರಲ್ಲಿ ಅದು ಮದ್ರಾಸ್ ರೈಲ್ವೆಯೊಡನೆ ಕೂಡಿ ಮದ್ರಾಸ್ ಅಂಡ್ ಸದರ್ನ್ ಮರಾಠಾ ರೈಲ್ವೆಯಾಯಿತು, 1951ರಲ್ಲಿ ದಕ್ಷಿಣ ರೈಲ್ವೆಯಲ್ಲಿ ಲೀನವಾಯಿತು. ಹೀಗಾಗಿ ಎಸ್.ಎಂ.ಆರ್. ಎಂಬ ಅಕ್ಷರಗಳಿದ್ದರೆ 1882 ಮತ್ತು 1908ರ ನಡುವಿನದು, ಎಂ. ಅಂಡ್ ಎಸ್.ಎಂ. ಎಂದಿದ್ದರೆ ಅದರ ನಂತರದ್ದು. ಈ ರೈಲ್ವೆಗೆ ತನ್ನದೇ ಸ್ವಯಂಸೇವಕ ರೈಫಲ್ ಪಡೆಯೂ ಇದ್ದದ್ದರಿಂದ ರೈಲ್ವೆಯ ಹೆಸರಿದ್ದ ಮಾತ್ರಕ್ಕೆ ಸೈನಿಕ ಗುಂಡಿಯಲ್ಲ ಎಂದು ತಳ್ಳಿಹಾಕುವಂತೆಯೂ ಇಲ್ಲ. ನನ್ನ ಮಟ್ಟಿಗೆ ಇಂಥ ರೈಲ್ವೆ ಗುಂಡಿಗಳು ರಾಜಲಾಂಛನದ ಗುಂಡಿಗಳಿಗಿಂತ ಈ ನೆಲಕ್ಕೆ ಹೆಚ್ಚು ಹತ್ತಿರದವು, ಆದರೂ ಸಂಗ್ರಾಹಕರು ಅವುಗಳನ್ನು ಅಗ್ಗವೆಂದು ಬದಿಗಿಡುವುದನ್ನು ಕಾಣುತ್ತೇವೆ.

ಗುಂಡಿ ಸಿಕ್ಕಿತೆಂದರೆ ಆ ದಳ ಅಲ್ಲಿ ಬೀಡುಬಿಟ್ಟಿತ್ತು ಎಂದು ಬರೆಯುವ ಆತುರವೂ ಬೇಡ. ಸೈನ್ಯ ಬೇಡವೆಂದ ಕೋಟುಗಳು ಮಾರಾಟವಾಗಿ ಪೇಟೆಗೆ ಬಂದು ಇನ್ನೊಬ್ಬರ ಮೈಮೇಲೆ ಸವೆಯುತ್ತಿದ್ದವು. ಊರ ಕಸ ಗೊಬ್ಬರದ ಜೊತೆ ಹೊಲ ಸೇರುತ್ತಿತ್ತು. ಒಂದೇ ಜಾಗದಲ್ಲಿ ಒಂದೇ ದಳದ ಹಲವು ಗುಂಡಿಗಳು, ಬೆಲ್ಟಿನ ಬಕಲು, ನಾಣ್ಯಗಳು ಒಟ್ಟಿಗೆ ದೊರೆತರೆ ಮಾತು ಬೇರೆ.

ಇನ್ನು ಕಾಪಾಡುವ ವಿಚಾರ. ತಾಮ್ರ ಮತ್ತು ಸತುವಿನ ಮಿಶ್ರಣವಾದ ಹಿತ್ತಾಳೆ ಮಣ್ಣಿನಲ್ಲಿ ನೂರು ವರ್ಷ ಕಳೆದಾಗ ಅದರ ಮೇಲ್ಮೈ ಮಣ್ಣಿನ ರಾಸಾಯನಿಕ ಗುಣಕ್ಕೆ ತಕ್ಕಂತೆ ಬದಲಾಗಿರುತ್ತದೆ. ಸುಣ್ಣದ ಅಂಶವಿರುವ ಎರೆ ಮಣ್ಣಿನಲ್ಲಿ ಸಿಕ್ಕಿದ್ದು ಬಹುಮಟ್ಟಿಗೆ ಗಟ್ಟಿಯಾದ, ನಯವಾದ ಕಡು ಹಸಿರು ಪದರ ಹೊತ್ತಿರುತ್ತದೆ. ಮಳೆ ಹೆಚ್ಚಿರುವ, ಹುಳಿ ಗುಣದ ಕೆಂಪು ಮಣ್ಣಿನಲ್ಲಿ ಲೋಹ ಹೆಚ್ಚು ತಿಂದುಹೋಗಿರುತ್ತದೆ. ಪೊಟ್ಯಾಷ್ ಗೊಬ್ಬರ ವರ್ಷಾನುಗಟ್ಟಲೆ ಬಿದ್ದ ಕಬ್ಬಿನ ಗದ್ದೆಗಳಲ್ಲಿ ಇದಕ್ಕಿಂತಲೂ ಕೆಟ್ಟ ಸ್ಥಿತಿ ಇರುವುದು ಸಾಧ್ಯ, ಏಕೆಂದರೆ ಆ ಗೊಬ್ಬರದಲ್ಲಿ ಕ್ಲೋರೈಡ್ ಇದೆ ಮತ್ತು ತಾಮ್ರಕ್ಕೆ ಕ್ಲೋರೈಡಿನಷ್ಟು ಕೆಡುಕು ಮಾಡುವುದು ಬೇರಿಲ್ಲ. ಗಟ್ಟಿಯಾದ ಹಸಿರು ಅಥವಾ ಕಂದು ಪದರವನ್ನು ಕೊಳೆ ಎಂದು ಭಾವಿಸಬಾರದು. ಲಾಂಛನದ ಸೂಕ್ಷ್ಮ ಗೆರೆಗಳು ಎಷ್ಟೋ ಸಲ ಉಳಿದಿರುವುದು ಆ ಪದರದಲ್ಲಿಯೇ, ಅದರ ಕೆಳಗಿನ ಲೋಹದಲ್ಲಿ ಅಲ್ಲ.

ನಮ್ಮ ಮನೆಗಳಲ್ಲಿ ಹಿತ್ತಾಳೆ ಎಂದೊಡನೆ ಕೈ ಹುಣಸೆಹಣ್ಣಿನ ಕಡೆಗೆ ಹೋಗುತ್ತದೆ. ದೇವರ ಸಾಮಾನಿಗೆ ಅದು ಸರಿ, ಹಳೆಯ ಗುಂಡಿಗೆ ಸಲ್ಲದು. ಹುಣಸೆಯ ಮತ್ತು ನಿಂಬೆಯ ಆಮ್ಲ ಕಿಲುಬನ್ನು ಕರಗಿಸುವುದರ ಜೊತೆಗೆ ಅದರಲ್ಲಿ ಉಳಿದಿದ್ದ ಗೆರೆಗಳನ್ನೂ ಕರಗಿಸುತ್ತದೆ. ಸತು ಮಣ್ಣಿನಲ್ಲಿಯೇ ಇಳಿದುಹೋಗಿ ಮೇಲೆ ತಾಮ್ರವಷ್ಟೇ ಉಳಿದ ಜಾಗಗಳು ಗುಲಾಬಿ ಬಣ್ಣದ ಕಲೆಗಳಾಗಿ ಎದ್ದು ಕಾಣತೊಡಗುತ್ತವೆ. ಪಾತ್ರೆ ತೊಳೆಯುವ ಪುಡಿ, ಬೂದಿ, ಲೋಹದ ಪಾಲಿಶ್ ಎಲ್ಲವೂ ಉಜ್ಜಿ ತೆಗೆಯುವ ವಸ್ತುಗಳೇ. ಚಿನ್ನದ ಲೇಪವಿದ್ದ ಅಧಿಕಾರಿಯ ಗುಂಡಿಯಾದರೆ ಒಂದೇ ಉಜ್ಜಿಗೆ ಲೇಪ ಹೋಗಿಬಿಡುತ್ತದೆ, ಮತ್ತೆ ಬರುವುದಿಲ್ಲ.

ಮೊದಲು ಮಣ್ಣಿನ ಸಮೇತ ಎರಡೂ ಬದಿಯ ಚಿತ್ರ ತೆಗೆದಿಡಬೇಕು. ಮೊಬೈಲಿನ ಟಾರ್ಚನ್ನು ಮೇಲಿನಿಂದ ಬಿಡದೆ ಮೇಜಿನ ಮಟ್ಟದಲ್ಲಿ ಓರೆಯಾಗಿ ಹಿಡಿದರೆ, ಕಣ್ಣಿಗೆ ಕಾಣದಿದ್ದ ಅಕ್ಷರಗಳೂ ನೆರಳಿನಿಂದಾಗಿ ಎದ್ದುಬರುತ್ತವೆ. ಎಷ್ಟೋ ಗುಂಡಿಗಳನ್ನು ತೊಳೆಯದೆಯೇ ಇಷ್ಟರಿಂದಲೇ ಗುರುತಿಸಬಹುದು. ತೊಳೆಯಲೇಬೇಕೆಂದಿದ್ದರೆ ಬ್ಯಾಟರಿಗೆ ಹಾಕುವ ಡಿಸ್ಟಿಲ್ಡ್ ವಾಟರ್ ತರಬೇಕು. ಈ ಭಾಗದ ಬೋರ್‌ವೆಲ್ ನೀರು ಹಲವೆಡೆ ಉಪ್ಪು, ಅದರಲ್ಲಿ ಅದ್ದಿದರೆ ಬೇಡದ ಕ್ಲೋರೈಡನ್ನು ನಾವೇ ಸೇರಿಸಿದಂತಾಗುತ್ತದೆ. ಸ್ವಲ್ಪ ಹೊತ್ತು ನೆನೆಸಿ, ಮೆತ್ತಗಿನ ಬ್ರಷ್ಷಿನಿಂದ ಸಡಿಲವಾದ ಮಣ್ಣನ್ನಷ್ಟೇ ತೆಗೆಯಬೇಕು. ಅಕ್ಷರಗಳ ಸಂದಿಯಲ್ಲಿ ಸಿಕ್ಕಿಕೊಂಡದ್ದಕ್ಕೆ ಸೂಜಿ ಬೇಡ, ಬಿದಿರಿನ ಕಡ್ಡಿ ಅಥವಾ ಜಾಲಿಯ ಮುಳ್ಳು ಸಾಕು, ಅವು ಹಿತ್ತಾಳೆಗಿಂತ ಮೆತ್ತಗಿದ್ದು ಗೀರು ಬೀಳಿಸುವುದಿಲ್ಲ. ಟೊಳ್ಳು ಗುಂಡಿಯ ಒಳಗೆ ನೀರು ಹೊಕ್ಕಿದ್ದರೆ ತಾನಾಗಿ ಆರುವುದು ನಿಧಾನ; ಕೆಮಿಸ್ಟ್ ಅಂಗಡಿಯ ಐಸೊಪ್ರೊಪೈಲ್ ಆಲ್ಕೊಹಾಲಿನಲ್ಲಿ ಒಮ್ಮೆ ಅದ್ದಿ ತೆಗೆದರೆ ಅದು ನೀರನ್ನು ಎಳೆದುಕೊಂಡು ಆರಿಹೋಗುತ್ತದೆ. ಕಿಟಕಿ ತೆರೆದಿಟ್ಟು, ಒಲೆಯಿಂದ ದೂರದಲ್ಲಿ ಇದನ್ನು ಮಾಡಬೇಕು.

ಹೀಗೆ ಆರಿಸಿಟ್ಟ ಗುಂಡಿಯ ಮೇಲೆ ಕೆಲವು ವಾರಗಳಲ್ಲಿ ತಿಳಿ ಹಸಿರಿನ, ಮುಟ್ಟಿದರೆ ಉದುರುವ ಪುಡಿ ಚುಕ್ಕೆ ಚುಕ್ಕೆಯಾಗಿ ಎದ್ದರೆ ಅದು ಸಾಮಾನ್ಯ ಕಿಲುಬಲ್ಲ. ಸಂರಕ್ಷಣಾ ತಜ್ಞರು ಇದನ್ನು ಕಂಚಿನ ರೋಗ ಎನ್ನುತ್ತಾರೆ, ಹಿತ್ತಾಳೆಗೂ ಇದು ಬರುತ್ತದೆ. ಒಳಗೆ ಉಳಿದ ತಾಮ್ರದ ಕ್ಲೋರೈಡ್ ಗಾಳಿಯ ತೇವ ಮತ್ತು ಆಮ್ಲಜನಕದೊಡನೆ ಸೇರಿ ಹೈಡ್ರೊಕ್ಲೋರಿಕ್ ಆಮ್ಲವನ್ನು ಹುಟ್ಟಿಸುತ್ತದೆ, ಆ ಆಮ್ಲ ಇನ್ನಷ್ಟು ತಾಮ್ರವನ್ನು ತಿಂದು ಮತ್ತೆ ಕ್ಲೋರೈಡಾಗುತ್ತದೆ. ತೇವ ಇರುವವರೆಗೂ ಈ ಸುತ್ತು ನಿಲ್ಲುವುದಿಲ್ಲ. ಬೆಳಗಾವಿಯ ಜುಲೈ, ಆಗಸ್ಟ್ ತಿಂಗಳುಗಳ ಗಾಳಿ ಇದಕ್ಕೆ ಹೇಳಿ ಮಾಡಿಸಿದಂತಿದೆ. ಆ ಗುಂಡಿಯನ್ನು ಕೂಡಲೇ ಉಳಿದವುಗಳಿಂದ ಬೇರ್ಪಡಿಸಿ, ತೇವ ಹೀರುವ ಸಿಲಿಕಾ ಜೆಲ್ ಹಾಕಿದ ಗಾಳಿಯಾಡದ ಡಬ್ಬಿಯಲ್ಲಿ ಇಡಬೇಕು. ಒಳಗಿನ ತೇವಾಂಶ ಶೇಕಡಾ 35ಕ್ಕಿಂತ ಕೆಳಗಿದ್ದರೆ ರೋಗ ನಿಲ್ಲುತ್ತದೆ, ಗುಣವಾಗುವುದಿಲ್ಲ. ಇದಕ್ಕೆ ಪ್ರಯೋಗಾಲಯಗಳಲ್ಲಿ ಬಳಸುವ ಬೆಂಜೊಟ್ರೈಅಜೋಲ್ ಎಂಬ ರಾಸಾಯನಿಕ ವಿಷಕಾರಿಯಾದ್ದರಿಂದ ಅದು ಮನೆಯಲ್ಲಿ ಮಾಡುವ ಕೆಲಸವಲ್ಲ.

ರೋಗವಿಲ್ಲದ, ಚೆನ್ನಾಗಿ ಆರಿದ ಗುಂಡಿಗೆ ಮೈಕ್ರೊಕ್ರಿಸ್ಟಲಿನ್ ಮೇಣದ (ಪೆಟ್ರೋಲಿಯಂನಿಂದ ತಯಾರಾಗುವ ನಯವಾದ ಮೇಣ) ಬಹಳ ತೆಳುವಾದ ಒಂದು ಪದರ ಸಾಕು. ಕೊಬ್ಬರಿ ಎಣ್ಣೆ, ಹೊಲಿಗೆ ಯಂತ್ರದ ಎಣ್ಣೆ ಹಚ್ಚಿದರೆ ಧೂಳು ಅಂಟುತ್ತದೆ, ಕೊಬ್ಬರಿ ಎಣ್ಣೆ ಕಾಲಕ್ರಮದಲ್ಲಿ ಹುಳಿಯಾಗಿ ತಾಮ್ರವನ್ನೂ ತಿನ್ನುತ್ತದೆ. ಇಡುವುದಕ್ಕೆ ಪಾಲಿಥಿನ್ನಿನ ಜಿಪ್ ಚೀಲವೇ ಒಳ್ಳೆಯದು. ನಾಣ್ಯದ ಆಲ್ಬಮ್ಮುಗಳ ಪಿವಿಸಿ ಹಾಳೆ, ರಬ್ಬರ್ ಬ್ಯಾಂಡ್, ಪ್ಲೈವುಡ್ಡಿನ ಪೆಟ್ಟಿಗೆ, ಹಳೆಯ ಪತ್ರಿಕೆಯ ಕಾಗದ, ಇವೆಲ್ಲವುಗಳಿಂದಲೂ ಲೋಹಕ್ಕೆ ಕೇಡುಂಟುಮಾಡುವ ಆವಿ ಅಥವಾ ಆಮ್ಲ ಹೊಮ್ಮುತ್ತದೆ. ಚೀಲದೊಳಗೆ ಒಂದು ಚೀಟಿ ಇರಲಿ: ಎಲ್ಲಿ, ಯಾವ ದಿನ, ಎಷ್ಟು ಆಳದಲ್ಲಿ, ಜೊತೆಗೆ ಏನೇನು ಸಿಕ್ಕಿತು ಎಂಬುದು ಪೆನ್ಸಿಲಿನಲ್ಲಿ ಬರೆದಿರಲಿ. ಕೋಟಿನ ಗುಂಡಿಯೋ, ತೋಳಿನ ತುದಿಯದೋ ಎಂಬುದನ್ನು ವ್ಯಾಸ ಹೇಳುವುದರಿಂದ ಅದನ್ನೂ ಮಿಲಿಮೀಟರಿನಲ್ಲಿ ಸೇರಿಸಬೇಕು. ಸಾಮಾನ್ಯವಾಗಿ ಎದೆಯ ಗುಂಡಿಗಳು 22ರಿಂದ 26 ಮಿಲಿಮೀಟರ್, ತೋಳು ಮತ್ತು ಜೇಬಿನವು 14ರಿಂದ 19 ಮಿಲಿಮೀಟರ್ ಇರುತ್ತವೆ.

1855ಕ್ಕಿಂತ ಹಿಂದಿನ ಬೂದಿ ಬಣ್ಣದ ತವರದ ಗುಂಡಿಗೆ ಈ ಯಾವ ಕ್ರಮವೂ ಪೂರ್ತಿ ಹೊಂದುವುದಿಲ್ಲ. ಅದು ಉಗುರಿನಿಂದ ಗೀಚಿದರೂ ಗುರುತು ಬೀಳುವಷ್ಟು ಮೆದು, ಮೇಲೆ ಬೊಕ್ಕೆಗಳಂತೆ ಉಬ್ಬಿದ ಪದರವನ್ನು ಕೆದಕಿದರೆ ಅಂಕೆಯೇ ಕಿತ್ತುಬರುತ್ತದೆ. ಹಲವು ಬಾರಿ ಅದರಲ್ಲಿ ಸೀಸವೂ ಬೆರೆತಿರುವುದರಿಂದ ಮುಟ್ಟಿದ ನಂತರ ಕೈ ತೊಳೆಯಬೇಕು, ಮಕ್ಕಳ ಕೈಗೆ ಕೊಡಬಾರದು. ಮರದ ಪೆಟ್ಟಿಗೆಯ ಆವಿ ಸೀಸವನ್ನು ಬಿಳಿಯ ಪುಡಿಯಾಗಿಸುವುದರಿಂದ ಇಂಥವನ್ನು ಅದರಲ್ಲಿ ಇಡಲೇಬಾರದು. ಹಿತ್ತಾಳೆಯ ಮುಖಕ್ಕೆ ಕಬ್ಬಿಣದ ಬೆನ್ನು ಅಥವಾ ಕೊಂಡಿ ಇದ್ದರೆ ನೀರಿನಲ್ಲಿ ಅದ್ದಕೂಡದು. ಎರಡು ಲೋಹಗಳು ತೇವದಲ್ಲಿ ಒಂದಕ್ಕೊಂದು ತಾಗಿದಾಗ ಕಬ್ಬಿಣ ಬೇಗ ತುಕ್ಕು ಹಿಡಿದು ಉದುರುತ್ತದೆ. ಕೊಂಡಿಯ ಸುತ್ತ ಕೆಲವೊಮ್ಮೆ ಹಸಿರಾಗಿ ಗಟ್ಟಿಗೊಂಡ ಒಂದೆರಡು ಎಳೆ ದಾರ ಉಳಿದಿರುತ್ತದೆ. ಬಟ್ಟೆ ಮಣ್ಣಿನಲ್ಲಿ ಕರಗಿಹೋದರೂ ತಾಮ್ರದ ಲವಣ ಹೊಕ್ಕ ಭಾಗ ಕೊಳೆಯದೆ ಉಳಿಯುತ್ತದೆ, ಸಮವಸ್ತ್ರ ಹತ್ತಿಯದೋ ಉಣ್ಣೆಯದೋ ಎಂಬುದನ್ನು ಸೂಕ್ಷ್ಮದರ್ಶಕದ ಕೆಳಗೆ ಅದರಿಂದಲೇ ತಿಳಿಯಬಹುದು. ಅಂಥ ಗುಂಡಿಯನ್ನು ತೊಳೆಯದೆ, ಮೇಣ ಹಚ್ಚದೆ, ಒಣ ಡಬ್ಬಿಯಲ್ಲಿ ಇದ್ದ ಹಾಗೆಯೇ ಇಟ್ಟು, ಸಿಕ್ಕ ಜಾಗದ ಚೀಟಿಯೊಡನೆ ಪುರಾತತ್ವ ಇಲಾಖೆಯ ಸಮೀಪದ ಕಚೇರಿಗೆ ಅಥವಾ ವಸ್ತುಸಂಗ್ರಹಾಲಯಕ್ಕೆ ತೋರಿಸಬೇಕು.